ಸೀಲು ಒಡೆಯದೆ ಸಾಕ್ಷಿ ಹೇಳುವ ಬೆಳಕು

ಎರಡು ಬಾಟಲಿ. ಎರಡರಲ್ಲೂ ನೀರಿನ ಹಾಗಿರುವ ದ್ರವ. ಬಣ್ಣ ಒಂದೇ, ವಾಸನೆಯೂ ಹೆಚ್ಚು ಕಮ್ಮಿ ಒಂದೇ. ಮೊದಲನೆಯದು ಎಥನಾಲ್, ಕುಡಿದವನಿಗೆ ಅಮಲು ಏರಿಸುತ್ತೆ. ಎರಡನೆಯದು ಮೆಥನಾಲ್, ಕುಡಿದವನ ಕಣ್ಣು ತೆಗೆಯುತ್ತೆ, ಆಮೇಲೆ ಪ್ರಾಣವನ್ನೂ ತೆಗೆಯುತ್ತೆ. ಹೊಟ್ಟೆಗೆ ಇಳಿದ ಮೆಥನಾಲ್ ಫಾರ್ಮಿಕ್ ಆಮ್ಲವಾಗಿ ಮೊದಲು ಕಣ್ಣಿನ ನರಕ್ಕೇ ಕೈ ಹಾಕುತ್ತದೆ.

ಇದು ದೂರದ ಕಥೆಯಲ್ಲ. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ವಿಷಮದ್ಯ ಕುಡಿದು ನೂರಾರು ಮಂದಿ ಸತ್ತರು. 2008ರ ಮೇ ತಿಂಗಳಲ್ಲಿ ಕರ್ನಾಟಕ, ತಮಿಳುನಾಡು ಗಡಿಯ ಎರಡೂ ಕಡೆ ಸೇರಿ ನೂರಕ್ಕೂ ಹೆಚ್ಚು ಹೆಣ ಬಿದ್ದವು. ಪ್ರತಿ ಸಲವೂ ಅದೇ ಹಾಡು: ಮೊದಲು ಸಾವು, ಆಮೇಲೆ ದಾಳಿ, ಆಮೇಲೆ ಪರೀಕ್ಷೆ. ಬಾಟಲಿಯಲ್ಲಿ ಏನಿತ್ತು ಅಂತ ಊರಿಗೆ ಗೊತ್ತಾಗುವ ಹೊತ್ತಿಗೆ ಹೆಣಕ್ಕೆ ಮಣ್ಣು ಹಾಕಿ ಆಗಿರುತ್ತೆ.

ಪರೀಕ್ಷೆ ಮೊದಲಾಗಿ ಸಾವನ್ನೇ ತಪ್ಪಿಸೋಕೆ ಆಗಲ್ವಾ? ಆಗುತ್ತೆ ಅಂತಾರೆ ವಿಜ್ಞಾನಿಗಳು. ಬಾಟಲಿಯ ಮುಚ್ಚಳ ಕೂಡ ತೆಗೆಯಬೇಕಿಲ್ಲ, ಲೇಸರ್ ಬೆಳಕು ಬಿಟ್ಟರೆ ಸಾಕು.

ರಾಮನ್ ಕೊಟ್ಟ ಬೆರಳಚ್ಚು

ಇದರ ಮೂಲ ವಿದೇಶದಲ್ಲಿಲ್ಲ. ಸರ್ ಸಿ.ವಿ. ರಾಮನ್ 1928ರ ಫೆಬ್ರವರಿ 28ರಂದು ಕಲ್ಕತ್ತೆಯಲ್ಲಿ ಕಂಡುಕೊಂಡ ಸಂಗತಿಯೇ ಇದು. ಅದೇ ಮಾರ್ಚ್ 16ರಂದು ಅವರು ಅದನ್ನು ಬೆಂಗಳೂರಿನ ಸಭೆಯೊಂದರಲ್ಲಿ ವಿವರವಾಗಿ ಸಾರಿದರು. 1930ರಲ್ಲಿ ನೊಬೆಲ್ ಬಂತು.

ಸಂಗತಿ ಇಷ್ಟು. ಒಂದೇ ಬಣ್ಣದ ಬೆಳಕನ್ನು ಯಾವುದೇ ವಸ್ತುವಿನ ಮೇಲೆ ಬಿಟ್ಟರೆ ಚದುರಿ ಬರುವ ಬೆಳಕೆಲ್ಲ ಹೆಚ್ಚುಕಡಿಮೆ ಅದೇ ಬಣ್ಣದ್ದು. ಆದರೆ ಸುಮಾರು ಕೋಟಿಗೊಂದು ಕಣ ಮಾತ್ರ ಬಣ್ಣ ಬದಲಿಸಿಕೊಂಡು ಬರುತ್ತದೆ. ಎಷ್ಟು ಬದಲಾಯಿತು ಅನ್ನೋದು ಆ ವಸ್ತುವಿನ ಅಣುಗಳು ಹೇಗೆ ನಡುಗುತ್ತವೆ ಅನ್ನೋದರ ಮೇಲೆ ನಿಂತಿದೆ. ಆ ಬದಲಾವಣೆಗಳನ್ನು ಗೆರೆಗಳಾಗಿ ಬರೆದರೆ ಅದೇ ರೋಹಿತ, ವಸ್ತುವಿನ ಬೆರಳಚ್ಚು ಅಂತಲೇ ಅನ್ನಿ. ಎಥನಾಲಿನ ಎದ್ದು ಕಾಣುವ ಗೆರೆ ಒಂದು 880ರ ಆಸುಪಾಸಿನಲ್ಲಿ, ಮೆಥನಾಲಿನದು 1030ರ ಆಸುಪಾಸಿನಲ್ಲಿ. ಮೂಗಿಗೆ ತಿಳಿಯದ ವ್ಯತ್ಯಾಸ ಗೆರೆಯಲ್ಲಿ ಹಗಲಿನಷ್ಟು ಸ್ಪಷ್ಟ.

ರಾಮನ್ ಕಾಲದಲ್ಲಿ ಪಾದರಸದ ದೀಪ ಇಟ್ಟುಕೊಂಡು ಗಂಟೆಗಟ್ಟಲೆ ಕಾಯಬೇಕಿತ್ತು. 1960ರಲ್ಲಿ ಲೇಸರ್ ಹುಟ್ಟಿದ ಮೇಲೆ ಕೆಲಸ ಹಗುರವಾಯಿತು. ಈಗ ಸಾಧನ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದಾಗಿದೆ. 2017ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ತಂಡ ಇಂಥದೇ ಕೈಸಾಧನದಿಂದ, ಬಾಟಲಿ ತೆರೆಯದೆ, ಮದ್ಯದಲ್ಲಿ ಬೆರೆಸಿದ ಅಲ್ಪ ಪ್ರಮಾಣದ ಮೆಥನಾಲನ್ನೂ ಪತ್ತೆ ಮಾಡಿ ತೋರಿಸಿತು.

ಮುದ್ದೆಮಾಲಿಗೆ ಧಕ್ಕೆಯಿಲ್ಲ

ಪೊಲೀಸರಿಗೆ ಇದರಿಂದ ದೊಡ್ಡ ಲಾಭ ಏನು? ಮುದ್ದೆಮಾಲು ಉಳಿಯುತ್ತದೆ. ಹಳೆಯ ರಾಸಾಯನಿಕ ಪರೀಕ್ಷೆಯಲ್ಲಿ ಮಾದರಿಯನ್ನು ಕರಗಿಸಬೇಕು, ಕಾಯಿಸಬೇಕು, ಒಂದಿಷ್ಟು ಖರ್ಚಾಗಿಯೇ ಹೋಗುತ್ತದೆ. ಸಿಕ್ಕಿದ್ದೇ ಚಿಟಿಕೆಯಷ್ಟು ಪುಡಿಯಾದರೆ ಮರುಪರೀಕ್ಷೆಗೆ ಏನು ಉಳಿಯಬೇಕು? ಬೆಳಕು ಪ್ಲಾಸ್ಟಿಕ್ ಕವರಿನ ಮೇಲಿಂದಲೇ ಓದಿಕೊಳ್ಳುತ್ತೆ. ಅರಗಿನ ಸೀಲು ಹಾಗೇ ಇರುತ್ತದೆ. ನಾಳೆ ಆರೋಪಿಯ ವಕೀಲರು ಮತ್ತೊಮ್ಮೆ ನೋಡಿ ಅಂದರೆ ಮತ್ತೊಮ್ಮೆ ನೋಡಬಹುದು.

ಅಂಗಡಿಯವರು ಇದನ್ನು ಗಮನಿಸಬೇಕು. ಗೋದಾಮಿನಲ್ಲಿ ಬಿಳಿ ಪುಡಿ ಸಿಕ್ಕಿತು ಅನ್ನಿ. ಸೋಡಾ ಪುಡಿಯೋ, ಮಾದಕ ವಸ್ತುವೋ? ಬಣ್ಣ ಬದಲಾಗುವ ಕಿಟ್ಟು ಸೂಚನೆ ಕೊಡುತ್ತೆ ಅಷ್ಟೆ. ಬೇರೆ ಕೆಲವು ವಸ್ತುಗಳಿಗೂ ಅದೇ ಬಣ್ಣ ಬರೋದುಂಟು. ಪ್ರಯೋಗಾಲಯದ ವರದಿ ಬರುವ ತನಕ ಮನುಷ್ಯ ಒಳಗೆ, ಅಂಗಡಿಗೆ ಬೀಗ. ಸ್ಥಳದಲ್ಲೇ ರೋಹಿತ ತೆಗೆದು ನೋಡುವ ಸೌಕರ್ಯ ಇದ್ದರೆ ಕಳ್ಳ ಬೇಗ ಸಿಕ್ಕಿಬೀಳುತ್ತಾನೆ, ನಿರಪರಾಧಿ ಬೇಗ ಮನೆ ಸೇರುತ್ತಾನೆ. ಹಲವು ದೇಶಗಳ ಪೊಲೀಸ್ ಮತ್ತು ಕಸ್ಟಮ್ಸ್ ಇಲಾಖೆಗಳು ಇದನ್ನು ಬಳಸುತ್ತಲೇ ಇವೆ. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನ ವಿಜ್ಞಾನಿಗಳೂ ಲೋಹವಲ್ಲದ ಹೊದಿಕೆಯ ಕೆಳಗೆ ಬಚ್ಚಿಟ್ಟ ವಸ್ತುವನ್ನು ಹಲವು ಕೋನಗಳಿಂದ ಓದುವ ವಿಧಾನವನ್ನು 2014ರಲ್ಲಿ ಪ್ರಕಟಿಸಿದ್ದಾರೆ.

ಇನ್ನೊಂದು ಬಗೆಯೂ ಇದೆ. ಜೋರಾದ ಲೇಸರ್ ಮಿಡಿತದಿಂದ ವಸ್ತುವಿನ ಸೂಜಿಮೊನೆಯಷ್ಟು ಭಾಗವನ್ನು ಸುಟ್ಟು, ಎದ್ದ ಕಿಡಿಯ ಬೆಳಕಿನಿಂದ ಅದರಲ್ಲಿ ಯಾವ ಯಾವ ಧಾತು ಇದೆ ಅಂತ ಓದೋದು. 2023ರ ಆಗಸ್ಟಿನಲ್ಲಿ ಚಂದ್ರನ ದಕ್ಷಿಣ ಧ್ರುವದ ಬಳಿ ಪ್ರಜ್ಞಾನ್ ರೋವರ್ ಗಂಧಕವನ್ನು ಕಂಡಿದ್ದು ಹೀಗೆಯೇ. ಆ ಉಪಕರಣ ತಯಾರಾಗಿದ್ದು ಬೆಂಗಳೂರಿನ ಇಸ್ರೋ ಪ್ರಯೋಗಾಲಯದಲ್ಲಿ. ಚಂದ್ರನ ಮೇಲೆ ನಡೆದದ್ದು ಹೆದ್ದಾರಿಯಲ್ಲೂ ನಡೆಯುತ್ತೆ. ಗುದ್ದಿ ಓಡಿಹೋದ ಗಾಡಿಯ ಗಾಜಿನ ಚೂರು ರಸ್ತೆಯಲ್ಲಿ ಬಿದ್ದಿದ್ದರೆ, ಹಿಡಿದು ತಂದ ಲಾರಿಯ ಒಡೆದ ಗಾಜಿನ ಜತೆ ಅದರ ಧಾತುಗಳನ್ನು ತಾಳೆ ನೋಡಬಹುದು.

ಬಾಯೊಳಗಿನ ಬಿಳಿ ಮಚ್ಚೆ

ಠಾಣೆಯಿಂದ ಆಸ್ಪತ್ರೆಗೆ ಬಂದರೂ ಬೆಳಕಿನ ಕೆಲಸ ಅದೇ: ಮೇಲಿಂದ ನೋಡಿ ಒಳಗಿನದು ಹೇಳೋದು. ಜಗತ್ತಿನ ಬಾಯಿ ಕ್ಯಾನ್ಸರ್ ರೋಗಿಗಳಲ್ಲಿ ಸುಮಾರು ಮೂರರಲ್ಲಿ ಒಬ್ಬರು ಭಾರತದವರು. ಕಾರಣ ಹೇಳಬೇಕಿಲ್ಲ. ಬಸ್ ಸ್ಟ್ಯಾಂಡಿನ ಕಂಬ, ಮೆಟ್ಟಿಲು, ಗೋಡೆ ಎಲ್ಲವೂ ಕೆಂಪಗೆ ಸಾರಿ ಹೇಳುತ್ತಿವೆ. ಕೆನ್ನೆಯ ಒಳಗೆ ಬಿಳಿ ಮಚ್ಚೆ ಕಂಡರೂ ಜನ ಆಸ್ಪತ್ರೆಗೆ ಹೋಗಲ್ಲ. ಬಯಾಪ್ಸಿ ಅಂದರೆ ಮಾಂಸ ಕತ್ತರಿಸ್ತಾರಂತೆ ಅನ್ನೋ ಭಯ.

ಕತ್ತರಿಸುವ ಮೊದಲು ಬೆಳಕಿನಿಂದ ಜರಡಿ ಹಿಡಿಯಬಹುದೇ ಅಂತ ಮಣಿಪಾಲದ ಲೇಸರ್ ತಜ್ಞರೂ, ನವಿ ಮುಂಬಯಿಯ ಖಾರ್ಘರಿನಲ್ಲಿರುವ ಟಾಟಾ ಕ್ಯಾನ್ಸರ್ ಸಂಶೋಧನಾ ಕೇಂದ್ರದವರೂ ವರ್ಷಗಟ್ಟಲೆ ದುಡಿದಿದ್ದಾರೆ. ಕ್ಯಾನ್ಸರ್ ಹಿಡಿದ ಭಾಗದಲ್ಲಿ ಪ್ರೋಟೀನು, ಕೊಬ್ಬುಗಳ ಪ್ರಮಾಣ ಏರುಪೇರಾಗಿರುತ್ತದೆ, ರೋಹಿತವೂ ಬದಲಾಗುತ್ತದೆ. ಅಮೆರಿಕದಲ್ಲಿ ಮೆದುಳಿನ ಗೆಡ್ಡೆಯ 278 ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಇದೇ ರಾಮನ್ ತತ್ವದ ಯಂತ್ರ ಮತ್ತು ಕಂಪ್ಯೂಟರ್ ಸೇರಿ ಎರಡೂವರೆ ನಿಮಿಷದೊಳಗೆ ರೋಗ ಹೆಸರಿಸಿದವು. ಸರಿ ಬಂದದ್ದು ನೂರಕ್ಕೆ 94.6. ಅನುಭವಿ ಡಾಕ್ಟರುಗಳು ಮಾಮೂಲಿ ವಿಧಾನದಲ್ಲಿ ಹೇಳಿದ್ದು ನೂರಕ್ಕೆ 93.9 ಸರಿ ಬಂತು. ಹೆಚ್ಚುಕಡಿಮೆ ಸಮಸಮ, ಉಳಿದದ್ದು ಸಮಯ. ಆಪರೇಷನ್ ಟೇಬಲ್ ಮೇಲೆ ತಲೆ ತೆರೆದಿಟ್ಟವನಿಗೆ ಆ ಸಮಯ ಸಣ್ಣದಲ್ಲ.

ಯಂತ್ರ ದೇವರಲ್ಲ

ಹಾಗಂತ ಪೆಟ್ಟಿಗೆ ಹೇಳಿದ್ದೆಲ್ಲ ವೇದವಾಕ್ಯ ಅಂತ ಕೈ ಮುಗಿಯುವುದೂ ಬೇಡ. ಬೆರಳಚ್ಚು ತಾಳೆ ನೋಡಲು ಹಳೆಯ ದಾಖಲೆ ಇರಬೇಕಲ್ಲವೇ? ಹಾಗೆಯೇ ಯಂತ್ರದ ಪಟ್ಟಿಯಲ್ಲಿ ಇಲ್ಲದ ಹೊಸ ವಸ್ತು ಬಂದರೆ ಅದು ತಬ್ಬಿಬ್ಬಾಗುತ್ತೆ. ಬಣ್ಣ ಕಟ್ಟಿದ ಸರಕು ತಾನೇ ಹೊಳೆದು ಗೆರೆಗಳನ್ನು ಮುಚ್ಚಿಬಿಡುತ್ತೆ. ಹತ್ತು ಪುಡಿ ಬೆರೆಸಿದರೆ ಕಡಿಮೆ ಇರುವುದು ತಪ್ಪಿಸಿಕೊಳ್ಳಬಹುದು. ಕಪ್ಪು ಸಿಡಿಮದ್ದಿಗೆ ಲೇಸರ್ ಬಿಟ್ಟರೆ ಕಾದು ಹೊತ್ತಿಕೊಳ್ಳಲೂಬಹುದು. ಅದಕ್ಕೇ ಕೈಸಾಧನದ ಮಾತು ಸುಳಿವು; ನ್ಯಾಯಾಲಯಕ್ಕೆ ಪ್ರಯೋಗಾಲಯದ ವರದಿ ಬೇಕು, ಆಸ್ಪತ್ರೆಯಲ್ಲಿ ಕೊನೆಯ ಮಾತು ಬಯಾಪ್ಸಿಯದ್ದೇ.

ಜಿಲ್ಲೆಗೆ ಏನು ಬಂತು?

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಒಂದು ಮಾತು ಹೇಳಿದೆ: ಏಳು ವರ್ಷ ಅಥವಾ ಹೆಚ್ಚು ಶಿಕ್ಷೆಯಾಗಬಹುದಾದ ಅಪರಾಧ ನಡೆದ ಜಾಗಕ್ಕೆ ವಿಧಿವಿಜ್ಞಾನ ತಜ್ಞರು ಖುದ್ದು ಹೋಗಿ ಸಾಕ್ಷ್ಯ ಸಂಗ್ರಹಿಸಬೇಕು. ಇದನ್ನು ಕಡ್ಡಾಯ ಮಾಡಲು ರಾಜ್ಯಗಳಿಗೆ ಐದು ವರ್ಷದ ಗಡುವು. ತಜ್ಞರು ಬರುತ್ತಾರೆ ಸರಿ. ಕೈಯಲ್ಲಿ ಏನು ಹಿಡಿದು ಬರುತ್ತಾರೆ? ಖಾಲಿ ಕವರು, ಅರಗಿನ ಕಡ್ಡಿ ಮಾತ್ರವೋ, ರಾಮನ್ ಹೆಸರಿನ ಯಂತ್ರವೂ ಉಂಟೋ? ಮುಂದಿನ ಸಲ ಶಾಸಕರು ಬೀದಿಗೆ ಬಂದಾಗ ಚರಂಡಿ, ಬೀದಿದೀಪದ ಜತೆಗೆ ಈ ಪ್ರಶ್ನೆಯನ್ನೂ ಕೇಳಬಹುದು. ಯಂತ್ರ ಬೆಂಗಳೂರಿನಲ್ಲಿದ್ದು ಕಳ್ಳಭಟ್ಟಿ ಹೋಬಳಿಯಲ್ಲಿದ್ದರೆ ಯಾರಿಗೆ ಏನು ಪ್ರಯೋಜನ?

ಬಾಯಿಯ ವಿಚಾರಕ್ಕೆ ಮಾತ್ರ ಯಾವ ಯಂತ್ರವನ್ನೂ ಕಾಯಬೇಕಿಲ್ಲ. ಎರಡು ವಾರ ಕಳೆದರೂ ವಾಸಿಯಾಗದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಬಾಯಿ ಅಗಲಿಸಲು ಕಷ್ಟ, ಇವುಗಳಲ್ಲಿ ಒಂದಿದ್ದರೂ ಸರ್ಕಾರಿ ಆಸ್ಪತ್ರೆಯ ದಂತ ವೈದ್ಯರ ಟಾರ್ಚ್ ಬೆಳಕೇ ಸದ್ಯಕ್ಕೆ ಸಾಕು.