ಸೈಡು ಕೊಡುವವರು ಯಾರು, ಕಾಯುವವರು ಯಾರು?

ಕೆ.ಆರ್. ನಗರ ತಾಲ್ಲೂಕಿನ ಹೊಸ ಅಗ್ರಹಾರದ ಕಡೆ ರಸ್ತೆಯಲ್ಲಿ ಕಬ್ಬು ಹೇರಿದ ಎತ್ತಿನ ಗಾಡಿಯೊಂದು ನಿಧಾನವಾಗಿ ಸಾಗುತ್ತಿದೆ. ಕಬ್ಬು ಎರಡೂ ಬದಿಗೆ ಚಾಚಿಕೊಂಡಿದೆ. ಗಾಡಿ ಹೊಡೆಯುವವನಿಗೆ ಹಿಂದೆ ಬರುವುದೇನೂ ಕಾಣದು. ಅದರ ಹಿಂದೆ ಟ್ರ್ಯಾಕ್ಟರ್, ಟ್ರ್ಯಾಕ್ಟರ್ ಹಿಂದೆ ಸರ್ಕಾರಿ ಬಸ್ಸು, ಬಸ್ಸಿನ ಹಿಂದೆ ಬಿಡದೆ ಹಾರನ್ ಹೊಡೆಯುತ್ತಿರುವ ಕಾರು. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆ ಹೊಗೆಸೊಪ್ಪಿನ ಹರಾಜು ಶುರುವಾದರೆ ಬೇಲುಗಳನ್ನು ಹೇರಿಕೊಂಡ ವಾಹನಗಳೂ ಸಾಲಿಗೆ ಸೇರುತ್ತವೆ. ರಸ್ತೆ ಒಂದೇ, ವೇಗ ನಾಲ್ಕು ಬಗೆ. ಹಿಂದಿನವನು ಎಷ್ಟು ಕಾಯಬೇಕು? ಮುಂದಿನವನು ಎಷ್ಟು ಸರಿಯಬೇಕು?

ಈ ಪ್ರಶ್ನೆ ರಸ್ತೆಯದು ಮಾತ್ರವಲ್ಲ. ಕಂಪ್ಯೂಟರ್ ಪರದೆಯ ಮುಂದೆ ಸ್ಟಿಯರಿಂಗ್ ಹಿಡಿದು, ಕಾಲಡಿ ಪೆಡಲ್ ಇಟ್ಟುಕೊಂಡು, ಸಾವಿರಾರು ಮೈಲಿ ಆಚೆ ಕುಳಿತವರೊಡನೆ 6, 12, 24 ಗಂಟೆ ಕಾರು ಓಡಿಸುವವರಿಗೂ ಇದೇ ತಲೆನೋವು. ಈ ಆಟದ ಹೆಸರು ಸಿಮ್ ರೇಸಿಂಗ್. ಅದರಲ್ಲೂ ದೀರ್ಘಾವಧಿಯ ಓಟಗಳಲ್ಲಿ ವೇಗದ ಕಾರು, ನಿಧಾನದ ಕಾರು ಒಂದೇ ಟ್ರ್ಯಾಕಿನಲ್ಲಿ ಇರುತ್ತವೆ.

ಕೊರೊನಾ ಕಾಲದಲ್ಲಿ ಈ ಆಟಕ್ಕೆ ದೊಡ್ಡ ಗೌರವ ಬಂತು. 2020ರ ಜೂನ್‌ನಲ್ಲಿ ನಡೆಯಬೇಕಿದ್ದ ಫ್ರಾನ್ಸಿನ ಪ್ರಸಿದ್ಧ ಲ ಮಾನ್ 24 ಗಂಟೆಗಳ ಓಟ ಸೆಪ್ಟೆಂಬರ್‌ಗೆ ಮುಂದೆ ಹೋಯಿತು. ಜೂನ್ 13 ಮತ್ತು 14ರಂದು ಅದರ ಬದಲಿಗೆ ಕಂಪ್ಯೂಟರ್‌ನಲ್ಲೇ ಓಟ ನಡೆಯಿತು. 50 ಕಾರುಗಳು, ಕಾರಿಗೆ ನಾಲ್ವರಂತೆ 200 ಚಾಲಕರು. ನಿಜವಾದ ಟ್ರ್ಯಾಕಿನಲ್ಲಿ ಹೆಸರು ಮಾಡಿದವರೂ ಮನೆಯಲ್ಲಿ ಕುಳಿತು ಓಡಿಸಿದರು.

ಐನೂರು ಸಲ ಹಿಂದಿಕ್ಕುವ ಕಷ್ಟ

ಲ ಮಾನ್ ಟ್ರ್ಯಾಕಿನ ಉದ್ದ 13.626 ಕಿ.ಮೀ. ಎಲ್‌ಎಂಪಿ-2 ವರ್ಗದ ಕಾರು ಒಂದು ಸುತ್ತನ್ನು ಸುಮಾರು 3 ನಿಮಿಷ 37 ಸೆಕೆಂಡಿನಲ್ಲಿ ಮುಗಿಸಿದರೆ, ಜಿಟಿ-3 ವರ್ಗದ ಕಾರಿಗೆ ಇನ್ನೂ 20 ಸೆಕೆಂಡಿಗಿಂತ ಹೆಚ್ಚು ಬೇಕು. ಅಂದರೆ ಹತ್ತು ಹನ್ನೊಂದು ಸುತ್ತಿಗೊಮ್ಮೆ ವೇಗದ ಕಾರು ಅದೇ ನಿಧಾನದ ಕಾರನ್ನು ಮತ್ತೆ ಹಿಂದಿಕ್ಕಬೇಕು. ಟ್ರ್ಯಾಕಿನಲ್ಲಿ ಇಂಥ 20 ಕಾರುಗಳಿದ್ದರೆ 24 ಗಂಟೆಯಲ್ಲಿ ಹಿಂದಿಕ್ಕುವ ಲೆಕ್ಕ ಐನೂರು ದಾಟುತ್ತದೆ. ಇದರಲ್ಲಿ ಒಂದು ತಪ್ಪಿದರೂ ಸಾಕು, ನಾಲ್ವರ ಇಡೀ ದಿನದ ಶ್ರಮ ಮಣ್ಣುಪಾಲು.

ಹೊಸಬರು ಎಡವುವುದು ಇಲ್ಲಿಯೇ. ಹಿಂದಿನಿಂದ ವೇಗದ ಕಾರು ಬಂದಾಗ ನೀಲಿ ಬಾವುಟ ಕಾಣುತ್ತದೆ. ಕೂಡಲೇ ಗಾಬರಿಬಿದ್ದು ಸೈಡು ಕೊಡಲೆಂದು ಪಕ್ಕಕ್ಕೆ ಸರಿಯುತ್ತಾರೆ. ಹಿಂದಿನವನೂ ಅದೇ ಪಕ್ಕದಲ್ಲಿ ನುಗ್ಗಿರುತ್ತಾನೆ. ಅಲ್ಲಿಗೆ ಇಬ್ಬರ ಕಥೆಯೂ ಮುಗಿಯಿತು. ಇಂಥ ಓಟಗಳಿಗೆ ಹೆಸರಾದ, 2008ರಲ್ಲಿ ಆರಂಭವಾದ ಅಮೆರಿಕದ ಐರೇಸಿಂಗ್‌ನಲ್ಲಿ ನೀಲಿ ಬಾವುಟ ಆಜ್ಞೆಯಲ್ಲ, ಬರೀ ಸೂಚನೆ. ‘ನಿನ್ನ ಹಿಂದೆ ಒಬ್ಬ ಇದ್ದಾನೆ’ ಎಂದಷ್ಟೇ ಅದರ ಅರ್ಥ. ನಿಧಾನದ ಕಾರು ತನ್ನ ಎಂದಿನ ಜಾಡಿನಲ್ಲಿ, ಎಂದಿನ ಜಾಗದಲ್ಲೇ ಬ್ರೇಕ್ ಹಾಕಿಕೊಂಡು ಹೋಗಬೇಕು. ಸುರಕ್ಷಿತವಾಗಿ ದಾಟುವ ಹೊಣೆ ಹಿಂದಿನವನದು. ಲೈಟನ್ನು ಒಮ್ಮೆ ಮಿನುಗಿಸಿದರೆ ‘ಬಂದಿದ್ದೇನೆ’ ಎಂದರ್ಥ. ಬಿಡದೆ ಮಿನುಗಿಸಿದರೆ ಅದು ಬಸ್ಸಿನ ಹಿಂದೆ ಹಾರನ್ ಹೊಡೆದಂತೆ. ಕೆಲಸಕ್ಕೆ ಬಾರದು, ಮುಂದಿನವನ ತಲೆ ಕೆಡಿಸುತ್ತದೆ.

ಇಲ್ಲಿನ ದಂಡದ ಲೆಕ್ಕವೂ ವಿಚಿತ್ರ. ಟ್ರ್ಯಾಕ್ ಬಿಟ್ಟು ಹೊರಗೆ ಹೋದರೆ 1 ಅಂಕ, ಹಿಡಿತ ತಪ್ಪಿದರೆ 2, ಕಾರಿಗೆ ಕಾರು ಜೋರಾಗಿ ತಾಗಿದರೆ 4. ತಪ್ಪು ಯಾರದೆಂದು ಯಂತ್ರ ನೋಡುವುದಿಲ್ಲ, ಇಬ್ಬರಿಗೂ ಅಂಕ ಬೀಳುತ್ತದೆ. ಅನ್ಯಾಯ ಎನಿಸಬಹುದು. ಆದರೆ ‘ನನ್ನದೇ ಸರಿ’ ಎಂದು ಹಟ ಹಿಡಿಯುವುದರಿಂದ ಲಾಭವಿಲ್ಲ ಎಂಬ ಪಾಠವನ್ನು ಇದಕ್ಕಿಂತ ಚೆನ್ನಾಗಿ ಕಲಿಸುವುದು ಕಷ್ಟ.

ಪರದೆಯ ಆಚೆಗಿನ ಟ್ರ್ಯಾಕಿನಲ್ಲಿ ಈ ಪಾಠದ ಬೆಲೆ ಎಷ್ಟೆಂಬುದು 2011ರಲ್ಲಿ ಗೊತ್ತಾಯಿತು. ಆ ವರ್ಷದ ಲ ಮಾನ್‌ಗೆ ಆಡಿ ಕಂಪನಿ ಮೂರು ಕಾರು ತಂದಿತ್ತು. ಮೊದಲ ಗಂಟೆಯಲ್ಲೇ ಅಲನ್ ಮೆಕ್‌ನಿಶ್ ಅವರ ಕಾರು ನಿಧಾನದ ಫೆರಾರಿಯೊಂದಕ್ಕೆ ತಾಗಿ ನುಚ್ಚುನೂರಾಯಿತು. ರಾತ್ರಿ ಮೈಕ್ ರಾಕೆನ್‌ಫೆಲರ್ ಕೂಡ ಇನ್ನೊಂದು ಫೆರಾರಿಯನ್ನು ದಾಟುವಾಗಲೇ ಭೀಕರ ಅಪಘಾತಕ್ಕೆ ಸಿಕ್ಕರು. ಇಬ್ಬರೂ ಜೀವಸಹಿತ ಪಾರಾದದ್ದು ಪುಣ್ಯ. ಉಳಿದ ಒಂದೇ ಆಡಿ 24 ಗಂಟೆ ಓಡಿ, ಕೇವಲ 13.854 ಸೆಕೆಂಡ್ ಅಂತರದಲ್ಲಿ ಗೆದ್ದಿತು.

ಯಾವ ಕಾರು ಒಳ್ಳೆಯದು?

‘ಅತಿ ವೇಗದ್ದು’ ಎಂದು ಹೊಸಬರು ಹೇಳುತ್ತಾರೆ, ಅನುಭವಿಗಳು ಒಪ್ಪುವುದಿಲ್ಲ. ಎಲ್‌ಎಂಪಿ-2 ಹಗುರ ಮತ್ತು ಚುರುಕು. ಆದರೆ ಅದಕ್ಕೆ ಎಬಿಎಸ್ ಇಲ್ಲ, ಬ್ರೇಕ್ ಜೋರಾಗಿ ತುಳಿದರೆ ಚಕ್ರ ಕಚ್ಚಿಕೊಳ್ಳುತ್ತದೆ. ಮೇಲಾಗಿ ದಾಟುವ ಹೊಣೆಯೆಲ್ಲ ಅದರ ಚಾಲಕನದೇ. ಜಿಟಿ-3 ಕಾರಿಗೆ ಎಬಿಎಸ್ ಉಂಟು, ತಪ್ಪನ್ನು ಕ್ಷಮಿಸುವ ಗುಣವೂ ಉಂಟು. ಈ ವರ್ಗದೊಳಗೂ ಸ್ವಭಾವಗಳು ಬೇರೆ. ಮುಂದೆ ಎಂಜಿನ್ ಇರುವ ಮರ್ಸಿಡಿಸ್, ಬಿಎಂಡಬ್ಲ್ಯುಗಳು ಸಾಧು ಹಸುವಿನಂತೆ. ಪೋರ್ಷೆ 911ರ ಎಂಜಿನ್ ಹಿಂದೆ ಇರುವುದರಿಂದ ತಿರುವಿನಿಂದ ಹೊರಬರುವಾಗ ನೆಲ ಕಚ್ಚಿ ಓಡುತ್ತದೆ. ತಿರುವಿನ ನಡುವೆ ಥಟ್ಟನೆ ಆಕ್ಸಿಲರೇಟರ್ ಬಿಟ್ಟಿರೋ, ಹಿಂಭಾಗ ಜಾರಿ ಎದುರಿಗೆ ಬರುತ್ತದೆ. ಒಂದೇ ಸುತ್ತಿನಲ್ಲಿ ಮಿಂಚುವ ಕಾರಿಗಿಂತ, ಬೆಳಗಿನ ಜಾವ ಮೂರು ಗಂಟೆಯ ನಿದ್ದೆಗಣ್ಣಿನಲ್ಲೂ ನಾಲ್ವರ ಕೈಗೂ ಒಗ್ಗುವ ಕಾರೇ ಒಳ್ಳೆಯ ಕಾರು. ಭಾರದ ಬಂಡಿಗೆ ಜಗ್ಗಾಡುವ ಹೋರಿಗಿಂತ ಪಳಗಿದ ಎತ್ತು ಮೇಲು ಎಂಬುದನ್ನು ಈ ಸೀಮೆಯ ರೈತರಿಗೆ ಹೇಳಿಕೊಡಬೇಕಿಲ್ಲ.

ಕನ್ನಡದ ನೆಲದಲ್ಲಿ ಎರಡೂ ಬಗೆಯ ಕಾರನ್ನು ನಿಜವಾಗಿ ಓಡಿಸಿದವರಿದ್ದಾರೆ. ಬೆಂಗಳೂರಿನ ಅರ್ಜುನ್ ಮೈನಿ 2019ರಲ್ಲಿ ಲ ಮಾನ್‌ನಲ್ಲಿ ಎಲ್‌ಎಂಪಿ-2 ಕಾರು ಓಡಿಸಿದರು. 2021ರಲ್ಲಿ ಜರ್ಮನಿಯ ಡಿಟಿಎಂ ಸರಣಿಯಲ್ಲಿ ಜಿಟಿ-3 ಮರ್ಸಿಡಿಸ್ ಏರಿ, ಆ ಸರಣಿಗಿಳಿದ ಮೊದಲ ಭಾರತೀಯರೆನಿಸಿದರು.

ಹತ್ತು ಮೀಟರ್ ಮರ್ಯಾದೆ

ಮನೆಯಲ್ಲಿ ಕುಳಿತು ಓಡಿಸುವವರಿಗೆ ಇನ್ನೊಂದು ತೊಡಕಿದೆ. ಇಲ್ಲಿ ಸ್ಟಿಯರಿಂಗ್ ತಿರುಗಿಸಿದ ಸುದ್ದಿ ದೂರದ ಸರ್ವರ್ ಮುಟ್ಟಿ ಉಳಿದವರಿಗೆ ತಲುಪಬೇಕು. ಗಂಟೆಗೆ 250 ಕಿ.ಮೀ. ವೇಗದ ಕಾರು ಸೆಕೆಂಡಿಗೆ 69 ಮೀಟರ್ ಓಡುತ್ತದೆ. ಸುದ್ದಿ ಸೆಕೆಂಡಿನ ಏಳನೇ ಒಂದು ಭಾಗ ತಡವಾದರೂ ಕಾರು ಹತ್ತು ಮೀಟರ್ ಮುಂದೆ ಹೋಗಿರುತ್ತದೆ. ಪರದೆಯಲ್ಲಿ ತಾಗದ ಕಾರು ಇನ್ನೊಬ್ಬನ ಪರದೆಯಲ್ಲಿ ತಾಗಿರಬಹುದು. ಆದ್ದರಿಂದ ಕೈಯಗಲ ಜಾಗ ಹೆಚ್ಚು ಬಿಡುವುದು ಹೇಡಿತನವಲ್ಲ, ಜಾಣತನ.

ಕರೆಂಟ್ ಹೋದರೆ, ನೆಟ್ ಕೈಕೊಟ್ಟರೆ ಎಂಬ ಭಯ ಹಳ್ಳಿಯವರಿಗೆ ಮಾತ್ರ ಎಂದುಕೊಳ್ಳಬೇಕಿಲ್ಲ. 2023ರ ಜನವರಿಯಲ್ಲಿ ನಡೆದ ಕಂಪ್ಯೂಟರ್ ಲ ಮಾನ್‌ನಲ್ಲಿ ಫಾರ್ಮುಲಾ ಒನ್ ವಿಶ್ವ ಚಾಂಪಿಯನ್ ಮ್ಯಾಕ್ಸ್ ವೆರ್‌ಸ್ಟಾಪೆನ್ ಮುಂಚೂಣಿಯಲ್ಲಿದ್ದಾಗಲೇ ಸಂಪರ್ಕ ಕಡಿದು, ಗೆಲುವು ಕೈಜಾರಿತು.

ಆಟದಲ್ಲಿ ಸೋತವರು ಮುಂದಿನ ವಾರ ಮತ್ತೆ ಓಡಬಹುದು. ರಸ್ತೆಯಲ್ಲಿ ಆ ಅನುಕೂಲವಿಲ್ಲ. ಹಿಂದಿನವನು ದಾಟುತ್ತಿರುವಾಗ ಮುಂದಿನ ವಾಹನ ವೇಗ ಹೆಚ್ಚಿಸಬಾರದು, ಎದುರಿನ ರಸ್ತೆ ಕಾಣದ ಕಡೆ ದಾಟಲೇಬಾರದು ಎಂದು 2017ರ ಮೋಟಾರು ವಾಹನ ಚಾಲನಾ ನಿಯಮಗಳೂ ಹೇಳುತ್ತವೆ. ಪರದೆಯ ಮುಂದೆ ಐನೂರು ಸಲ ತಾಳ್ಮೆ ಕಲಿತವನು, ಕಬ್ಬಿನ ಗಾಡಿಯ ಹಿಂದೆ ಐದು ನಿಮಿಷ ಕಾಯಲಾರನೇ? ಗಾಡಿಯವನಿಗೆ ಹಿಂದಿನದು ಕಾಣದು. ಕಾಣುವವನೇ ಕಾಯಬೇಕು.