ಮಹಿಳೆಯರ ಡಿಜಿಟಲ್ ಆರೋಗ್ಯ ಸಾಕ್ಷರತೆ ಮತ್ತು ಬಿಸಿಗಾಳಿ

ಡಿಜಿಟಲ್ ಆರೋಗ್ಯ ಸಾಕ್ಷರತೆ ಎಂದರೆ ವಿದ್ಯುನ್ಮಾನ ಮೂಲಗಳಲ್ಲಿ ಆರೋಗ್ಯದ ಮಾಹಿತಿಯನ್ನು ಹುಡುಕಿ, ಅರ್ಥಮಾಡಿಕೊಂಡು, ಅದು ನಂಬಲರ್ಹವೇ ಎಂದು ಪರಿಶೀಲಿಸಿ ಬಳಸಿಕೊಳ್ಳುವ ಸಾಮರ್ಥ್ಯ. ಹವಾಮಾನ ಬದಲಾವಣೆಯಿಂದ ಬಿಸಿಗಾಳಿಯ ದಿನಗಳು ಹೆಚ್ಚುತ್ತಿರುವ ಭಾರತದಲ್ಲಿ ಇದು ಮಹಿಳೆಯರ ಜೀವರಕ್ಷಣೆಗೆ ಸಂಬಂಧಿಸಿದ ವಿಷಯವಾಗಿದೆ.

2010ರ ಮೇ ತಿಂಗಳಿನಲ್ಲಿ ಅಹಮದಾಬಾದಿನ ತಾಪಮಾನವು 46.8 ಡಿಗ್ರಿ ಸೆಲ್ಸಿಯಸ್‌ಗೆ ಏರಿತು. ಆ ತಿಂಗಳು ವಾಡಿಕೆಗಿಂತ ಸುಮಾರು 1,344 ಹೆಚ್ಚು ಸಾವುಗಳು ಸಂಭವಿಸಿದವೆಂದು ಅಂದಾಜಿಸಲಾಗಿದೆ. 2013ರಲ್ಲಿ ಆ ನಗರವು ದಕ್ಷಿಣ ಏಷ್ಯಾದ ಮೊದಲ ಬಿಸಿಗಾಳಿ ಕ್ರಿಯಾ ಯೋಜನೆಯನ್ನು ಜಾರಿಗೆ ತಂದಿತು. ಜನರಿಗೆ ಮುನ್ನೆಚ್ಚರಿಕೆ ತಲುಪಿಸುವುದು ಅದರ ಮುಖ್ಯ ಭಾಗ. ಇದಕ್ಕೆ ಮೊಬೈಲ್ ಸಂದೇಶಗಳನ್ನೂ ಬಳಸಲಾಗುತ್ತದೆ.

ಆದರೆ ಸಂದೇಶ ಮನೆಗೆ ಬಂದ ಮಾತ್ರಕ್ಕೆ ಮಹಿಳೆಗೆ ತಲುಪಿತೆನ್ನಲಾಗದು. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ, 15ರಿಂದ 49 ವರ್ಷದ ಮಹಿಳೆಯರಲ್ಲಿ ಸ್ವತಃ ಬಳಸುವ ಮೊಬೈಲ್ ಇದ್ದವರು ಶೇ. 54, ಒಮ್ಮೆಯಾದರೂ ಅಂತರಜಾಲ ಬಳಸಿದವರು ಶೇ. 33 ಮಾತ್ರ. ಮನೆಯ ಏಕೈಕ ಫೋನು ಗಂಡನೊಂದಿಗೆ ಕೆಲಸಕ್ಕೆ ಹೋದರೆ, ತಗಡಿನ ಸೂರಿನಡಿ ಒಲೆಯ ಮುಂದಿರುವವಳಿಗೆ ಎಚ್ಚರಿಕೆ ಸಿಗುವುದಿಲ್ಲ.

ಸಂದೇಶದ ಒಕ್ಕಣೆಯೂ ಮುಖ್ಯ. ಶೌಚಾಲಯವಿಲ್ಲದ ಕೆಲಸದ ಸ್ಥಳಗಳಲ್ಲಿ ಅನೇಕ ಮಹಿಳೆಯರು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಅವರಿಗೆ ‘ಹೆಚ್ಚು ನೀರು ಕುಡಿಯಿರಿ’ ಎಂಬ ಸಲಹೆ ಅಪೂರ್ಣ. ತೀವ್ರ ಶಾಖವು ಅವಧಿಪೂರ್ವ ಹೆರಿಗೆಯ ಅಪಾಯವನ್ನು ಹೆಚ್ಚಿಸುವುದರಿಂದ ಗರ್ಭಿಣಿಯರಿಗೆ ಪ್ರತ್ಯೇಕ ಸೂಚನೆ ಅಗತ್ಯ. ಬಿಸಿಲಿನ ಹೊಡೆತಕ್ಕೆ ಸಿಲುಕಿ ಪ್ರಜ್ಞೆ ತಪ್ಪಿದವರಿಗೆ ನೀರು ಕುಡಿಸಬಾರದು. ಮೈ ತಣ್ಣಗಾಗಿಸುತ್ತಾ ಕೂಡಲೇ ಆಸ್ಪತ್ರೆಗೆ ಸಾಗಿಸಬೇಕು. ಓದಲು ಬಾರದವರಿಗೆ ಧ್ವನಿ ಸಂದೇಶ ಹಾಗೂ ಆಶಾ ಕಾರ್ಯಕರ್ತೆಯರ ಮನೆಭೇಟಿ ಹೆಚ್ಚು ಉಪಯುಕ್ತ. ಕರ್ನಾಟಕದಲ್ಲಿ ಆಂಬ್ಯುಲೆನ್ಸ್‌ಗಾಗಿ 108ಕ್ಕೆ ಕರೆ ಮಾಡಲು ಅಂತರಜಾಲ ಬೇಕಾಗಿಲ್ಲ.