ನಿಷೇಧಕ್ಕೂ ಜಗ್ಗದ ಮೀನು: ಆಫ್ರಿಕನ್ ಕ್ಯಾಟ್‌ಫಿಶ್ ಲೆಕ್ಕಾಚಾರ



ಇವತ್ತು ಆಫ್ರಿಕನ್ ಕ್ಯಾಟ್‌ಫಿಶ್ ಬಗ್ಗೆ ಮಾತಾಡೋಣ. ವೈಜ್ಞಾನಿಕ ಹೆಸರು ಕ್ಲೇರಿಯಸ್ ಗ್ಯಾರಿಪೈನಸ್. 1990ರ ದಶಕದಲ್ಲಿ ಬಾಂಗ್ಲಾದೇಶದ ಕಡೆಯಿಂದ ಕಳ್ಳದಾರಿಯಲ್ಲಿ ಬಂಗಾಳಕ್ಕೆ ಬಂತು. 2000ದಿಂದ ಇದರ ಸಾಕಣೆಗೆ ನಿಷೇಧ ಇದೆ. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯೂ ಇದರ ಬಗ್ಗೆ ಆದೇಶ ಕೊಡ್ತು. ಆದ್ರೂ ಬೆಂಗಳೂರಿನ ಆಸುಪಾಸಿನ ಹೊಂಡಗಳಲ್ಲಿ ಅಧಿಕಾರಿಗಳು ದಾಳಿ ಮಾಡಿ ಈ ಮೀನು ನಾಶ ಮಾಡಿದ ಸುದ್ದಿ ಮತ್ತೆ ಮತ್ತೆ ಬರ್ತಾನೇ ಇರುತ್ತೆ.

ಯಾಕೆ ನಿಲ್ತಿಲ್ಲ? ನಾನು ಓದಿದ್ದು ಬಿ.ಕಾಂ., ಹಾಗಾಗಿ ನನ್ನ ಕಣ್ಣು ಮೊದಲು ಹೋಗೋದು ಖರ್ಚಿನ ಕಾಲಂಗೆ.

ಈ ಮೀನಿಗೆ ಕಿವಿರುಗಳ ಜೊತೆ, ಅವುಗಳ ಮೇಲ್ಭಾಗದಲ್ಲಿ ಪುಟ್ಟ ಗಿಡದ ಹಾಗೆ ಕವಲೊಡೆದ ಇನ್ನೊಂದು ಅಂಗ ಇದೆ. ನೀರಿನ ಮೇಲಕ್ಕೆ ಬಂದು ಗುಟುಕು ಗಾಳಿ ಕುಡಿದು, ಅದರಿಂದಲೇ ಆಮ್ಲಜನಕ ಹೀರಿಕೊಳ್ಳುತ್ತೆ. ಅಂದ್ರೆ ಏನಾಯ್ತು? ಹೊಂಡಕ್ಕೆ ಗಾಳಿ ಬಿಡೋ ಯಂತ್ರ ಬೇಡ, ಕರೆಂಟ್ ಬಿಲ್ ಇಲ್ಲ. ನೀರು ಕೊಳೆತಿದ್ರೂ ನಡೆಯುತ್ತೆ, ಒಂದರ ಮೇಲೊಂದು ತುಂಬಿದ್ರೂ ಬದುಕುತ್ತೆ. ಮೇವು? ಕೋಳಿ ಅಂಗಡಿ, ಕಸಾಯಿಖಾನೆಯ ತ್ಯಾಜ್ಯ ಹಾಕೋರಿದ್ದಾರೆ, ಹೆಚ್ಚುಕಮ್ಮಿ ಪುಕ್ಕಟೆ. ಆರೆಂಟು ತಿಂಗಳಿಗೆ ಕಿಲೋ ತೂಗುತ್ತೆ. ಮಾರ್ಕೆಟ್‌ಗೆ ಸ್ವಲ್ಪವೇ ನೀರಲ್ಲಿ ಜೀವಂತ ಹೋಗುತ್ತೆ, ಐಸ್ ಖರ್ಚೂ ಉಳೀತು. ಇಂಥ ವ್ಯಾಪಾರಾನ ಬರೀ ಒಂದು ಆದೇಶ ನಿಲ್ಲಿಸುತ್ತೆ ಅಂತ ನನಗಂತೂ ನಂಬಿಕೆ ಇಲ್ಲ.

ಈಗ ಇದೇ ಅಂಗವನ್ನ ಕೆರೆಯ ಕಡೆಯಿಂದ ನೋಡಿ. ಮಳೆಗಾಲದಲ್ಲಿ ಹೊಂಡದ ಏರಿ ಒಡೀತು ಅಂತಿಟ್ಕೊಳ್ಳಿ. ಬೇರೆ ಮೀನಾದ್ರೆ ಒದ್ದೆ ನೆಲದ ಮೇಲೆ ಒದ್ದಾಡಿ ಸಾಯುತ್ತೆ. ಇದು ಎದೆಯ ರೆಕ್ಕೆಯ ಮುಳ್ಳು ಊರಿಕೊಂಡು ತೆವಳಿ ಪಕ್ಕದ ಹಳ್ಳ ಸೇರಬಲ್ಲದು. ಅಲ್ಲಿ ಸಣ್ಣ ಮೀನು, ಕಪ್ಪೆ, ಹುಳು, ಸಿಕ್ಕಿದ್ದೆಲ್ಲ ತಿನ್ನುತ್ತೆ. ರಾಜಸ್ಥಾನದ ಭರತ್‌ಪುರದಲ್ಲಿ ಕೇವಲಾದೇವ್ ಪಕ್ಷಿಧಾಮ ಇದ್ಯಲ್ಲ, ಅಲ್ಲಿಗೂ ನುಗ್ಗಿದೆ. ಅಲ್ಲಿ ಹಕ್ಕಿಗಳನ್ನೇ ನುಂಗಿದ್ದು ದಾಖಲಾಗಿದೆ! ಥಾಯ್ಲೆಂಡ್‌ನಲ್ಲಿ ಸ್ಥಳೀಯ ತಳಿಯ ಜೊತೆ ಕಸಿ ಮಾಡಿ ಸಾಕಿದ್ರು, ಅದು ಹೊರಗೆ ತಪ್ಪಿಸಿಕೊಂಡು ಕಾಡು ಮೀನಿನ ವಂಶವಾಹಿನಿಯಲ್ಲೇ ಬೆರೆತುಹೋಯ್ತು. ಈ ನಷ್ಟ ಯಾವುದೂ ಸಾಕಿದವನ ಲೆಕ್ಕದ ಪುಸ್ತಕದಲ್ಲಿ ಬರಲ್ಲ. ಅದನ್ನ ಕಟ್ಟೋದು ಕೆರೆ, ಆ ಕೆರೆ ನಂಬಿ ಬಲೆ ಬೀಸೋನು.

ಹಾಗಂತ ಮೀನಿಗೆ ಬೈಯೋದು ಬೇಡ. ನೈಜೀರಿಯಾದಲ್ಲಿ ಸಾಕಣೆ ಮೀನು ಅಂದ್ರೆ ಮುಖ್ಯವಾಗಿ ಇದೇ. ಅದು ಅದರ ಊರು, ಅಲ್ಲಿ ಅದನ್ನ ಹಿಡಿದು ತಿನ್ನೋ ಪ್ರಾಣಿಗಳೂ ಇವೆ.

ಇನ್ನು ಅಂಗಡಿಯಲ್ಲಿ ಗುರುತಿಸೋದು. ಮೀಸೆ ಇರೋ ಮೀನೆಲ್ಲ ನಿಷೇಧ ಅಲ್ಲ. ಬಾಳೆ ಮೀನು ನಮ್ಮ ನದಿಯದ್ದೇ. ಪಂಗಾಸಿಯಸ್ ಹೊರಗಿಂದ ಬಂದಿದ್ದಾದ್ರೂ ಸಾಕೋಕೆ ಅನುಮತಿ ಇದೆ. ಗೊಂದಲ ಆಗೋದು ಮಾಗೂರ್ ಜೊತೆ. ನಮ್ಮ ದೇಶದ ಮಾಗೂರ್ ಒಂದು ಕಿಲೋ ದಾಟೋದೇ ಅಪರೂಪ. ಟಬ್ಬಿನಲ್ಲಿರೋದು ಎರಡು ಮೂರು ಕಿಲೋ ಇದ್ದು, ತಲೆ ಚಪ್ಪಟೆ, ಮೈಮೇಲೆ ಅಮೃತಶಿಲೆಯ ಥರ ಮಚ್ಚೆ ಇದ್ರೆ, ಅಂಗಡಿಯವ್ರು ಮಾಗೂರ್ ಅಂದ್ರೂ ಅದು ಮಾಗೂರ್ ಅಲ್ಲ.